ಭಾನುವಾರದ ಏಕಾದಶಿ

ಏಕಾದಶಿಯ ದಿನ ಈ ಮನೆಯಲ್ಲಿ ಯಾರಿಗೂ ನನ್ನ ಕೈಯಾರೆ ಬಡಿಸುವುದಿಲ್ಲ ಎಂದು ನಾನು ಅತ್ತೆಗೆ ಮಾತು ಕೊಟ್ಟಾಗ ಮಗಳು ತನ್ಮಯಿ ಇನ್ನೂ ಹುಟ್ಟಿರಲಿಲ್ಲ. ಮದುವೆಯಾದ ಮರುವರ್ಷ ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರು. ಸಾರಿನ ಪುಡಿಯ ಡಬ್ಬ, ಮಡಿ ನೀರಿನ ಕೊಡ, ನೈವೇದ್ಯದ ಬಟ್ಟಲು ಎಲ್ಲ ತೋರಿಸಿದ ಮೇಲೆ ಕೊನೆಗೆ ಇದೊಂದನ್ನು ಕೇಳಿದರು. ಉಪ್ಪು ಹೆಚ್ಚಾದರೆ ಬೈಯುವುದಿಲ್ಲ, ಹಾಲು ಉಕ್ಕಿಸಿದರೂ ಬೈಯುವುದಿಲ್ಲ, ಇದೊಂದನ್ನು ಮಾತ್ರ ನಡೆಸಿಕೊಂಡು ಹೋಗು ಅಂದರು. ನಾನು ಹೂಂ ಅಂದೆ. ಆಗ ಅದು ಕಷ್ಟದ ಮಾತು ಅನ್ನಿಸಲಿಲ್ಲ. ತಿಂಗಳಲ್ಲಿ ಎರಡು ದಿನ ಒಲೆಗೆ ರಜೆ ಎಂದು ಒಳಗೊಳಗೇ ಖುಷಿಯೇ ಆಗಿತ್ತು.

ಮಕ್ಕಳಿಗೆ ಎಂಟು ತುಂಬುವವರೆಗೆ ಉಪವಾಸವಿಲ್ಲ, ಅವರಿಗೆ ಬಡಿಸಿದರೆ ಮಾತು ತಪ್ಪಿದ ಹಾಗಲ್ಲ. ತುಂಬಿದ ಮೇಲೆ ತನ್ಮಯಿಯೂ ಅಜ್ಜಿಯ ಪಕ್ಕ ಕೂತು ತೀರ್ಥ ತೆಗೆದುಕೊಂಡು, ಬರೀ ನೀರು ಕುಡಿದು ದಿನ ಕಳೆಯತೊಡಗಿದಳು. ಭಕ್ತಿಯಿಂದ ಅಂತ ನಾನು ಹೇಳಲಾರೆ. ಅಜ್ಜಿ ಮಾಡುತ್ತಾರೆ, ಅದಕ್ಕೆ ತಾನೂ ಮಾಡುತ್ತಾಳೆ, ಅಷ್ಟೆ. ಅವರಿಬ್ಬರೂ ಸಂಜೆ ಹಜಾರದಲ್ಲಿ ಕೂತು, ನಾಳೆ ದ್ವಾದಶಿ ಪಾರಣೆಗೆ ಏನೇನು ಮಾಡಿಸಬೇಕು ಎಂದು ನನಗೆ ಕೇಳಿಸುವ ಹಾಗೆ ಮಾತಾಡಿಕೊಳ್ಳುತ್ತಿದ್ದರು.

ಓಟದ ಹುಚ್ಚು ಅವಳಿಗೆ ಹೈಸ್ಕೂಲಿನಲ್ಲಿ ಹತ್ತಿತು. ಕಾಲೇಜಿಗೆ ಸೇರಿದ ವರ್ಷ ಒಂದು ಕ್ರೀಡಾಕೂಟ ಏಕಾದಶಿಯ ದಿನವೇ ಬಂತು. ಏನೂ ಆಗಲ್ಲಮ್ಮ ಅಂತ ಉಪವಾಸದಲ್ಲೇ ಹೋದವಳು ಕೊನೆಯ ತಿರುವಿನಲ್ಲಿ ಕಣ್ಣು ಕತ್ತಲೆ ಬಂದು ಮುಖ ಅಡಿಯಾಗಿ ಬಿದ್ದಳು. ಗದ್ದಕ್ಕೆ ಹೊಲಿಗೆ ಬಿತ್ತು. ನಾನು ಗ್ಯಾಲರಿಯಿಂದ ಇಳಿದು ಓಡಿ ಹೋಗುವಷ್ಟರಲ್ಲಿ ಯಾರೋ ಅವಳ ಕಾಲುಗಳನ್ನು ಎತ್ತಿ ಹಿಡಿದಿದ್ದರು. ಆ ಕಾಲುಗಳು ಸತ್ತ ಹಾಗೆ ಜೋತಾಡುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಮನೆಯಲ್ಲಿ ಒಂದು ಪದ್ಧತಿಯಾಯಿತು. ಓಟ, ಟ್ರೈನಿಂಗ್, ಪರೀಕ್ಷೆ, ಯಾವುದೇ ದಿನಾಂಕ ಗೊತ್ತುಮಾಡುವ ಮೊದಲು ಏಕಾದಶಿ ಯಾವತ್ತು ಅಂತ ನೋಡುವುದು.

ಬಿ.ಕಾಂ. ಮುಗಿಸಿದ ಮೇಲೆ ತನ್ಮಯಿ ಮಾರೇನಹಳ್ಳಿಯ ಬೈರಪ್ಪನವರ ಜಿಮ್ಮಿನಲ್ಲಿ ಬೆಳಗಿನ ಲೇಡೀಸ್ ಬ್ಯಾಚ್ ನೋಡಿಕೊಳ್ಳತೊಡಗಿದಳು. ಬೈರಪ್ಪ ಅಲ್ಲಿಯ ಹಳೇ ಊರಿನವರು. ಸ್ವಂತ ಕಟ್ಟಡದ ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಜಿಮ್. ಒಮ್ಮೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ನಿಮ್ಮ ಹುಡುಗಿ ಬಂದ ಮೇಲೆ ಹೆಂಗಸರು ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಿದ್ದಾರೆ ಮೇಡಂ ಅಂದರು. ಅವಳು ಅಲ್ಲಿ ಮಾಡಿದ ಮೊದಲ ಕೆಲಸವೆಂದರೆ, ಬಂದವರನ್ನೆಲ್ಲ ನಿಲ್ಲಿಸಿ ಏನು ತಿಂದಿದ್ದೀರಿ ಎಂದು ಕೇಳುವುದು. ಶನಿವಾರ, ಸಂಕಷ್ಟಿ, ಗುರುವಾರ ಅಂತ ಉಪವಾಸ ಇದ್ದವರಿಗೆ ಅವತ್ತು ಕೈಕಾಲು ಚಾಚುವುದಷ್ಟೇ, ಓಟವಿಲ್ಲ, ಭಾರವಿಲ್ಲ. ಗೊಣಗಿದವರಿಗೆ ತನ್ನ ಗದ್ದ ತೋರಿಸುತ್ತಿದ್ದಳಂತೆ.

ನಾನು ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ಬೆಳಿಗ್ಗೆ ಬಂದವರನ್ನೆಲ್ಲ ನಾನೂ ಅದನ್ನೇ ಕೇಳುವುದು. ನನ್ನಲ್ಲಿ ಖಾಲಿ ಹೊಟ್ಟೆಯವರಿಗೆ ಬೆಲೆ, ಅವಳಲ್ಲಿ ತಿಂದು ಬಂದವರಿಗೆ. ಅಮ್ಮ ಮಗಳು ಇಬ್ಬರೂ ಊರವರ ಹೊಟ್ಟೆ ವಿಚಾರಿಸಿಕೊಂಡೇ ಬದುಕುತ್ತೀರಲ್ಲ ಎಂದು ಇವರು ತಮಾಷೆ ಮಾಡುತ್ತಿದ್ದರು.

ಆದರೆ ಇವರಿಗೆ, ಅಂದರೆ ಅಂಗಡಿಗಳ ತೆರಿಗೆ ಲೆಕ್ಕ ನೋಡಿಕೊಳ್ಳುವ ನನ್ನ ಗಂಡ ವೆಂಕಟಗಿರಿಯವರಿಗೆ, ಮಗಳ ಕೆಲಸದ ವಿಷಯದಲ್ಲಿ ತಮಾಷೆ ಬಹಳ ದಿನ ಉಳಿಯಲಿಲ್ಲ. ಜಿಮ್ಮಿನ ಸಂಬಳ ಅವಳ ಬಸ್ಸಿಗೂ ಬೂಟಿಗೂ ಸರಿಹೋಗುತ್ತಿತ್ತು. ನೆಂಟರ ಮನೆಯ ಮದುವೆಗಳಲ್ಲಿ ಮಗಳು ಏನು ಮಾಡ್ತಿದಾಳೆ ಎಂದು ಕೇಳಿದರೆ ಇವರು ಕೈ ತೊಳೆಯಲು ಎದ್ದು ಹೋಗುತ್ತಿದ್ದರು. ತನ್ಮಯಿ ಊಟದ ಹೊತ್ತಿಗೆ ಇವರನ್ನು ಕೂರಿಸಿಕೊಂಡು ಪಾಠ ಮಾಡುವಳು. ಈಗ ಇದರಲ್ಲಿ ಎಷ್ಟೊಂದು ದಾರಿಗಳಿವೆ, ಕ್ಲಬ್ಬುಗಳಿಗೆ ಟ್ರೈನರ್ ಬೇಕು, ಶಾಲೆಗಳಿಗೆ ಕೋಚ್ ಬೇಕು, ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ಹೇಳಿಕೊಡುವವರು ಬೇಕು, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳ, ಆಟದ ಅಂಗಳ ನೋಡಿಕೊಳ್ಳುವುದಕ್ಕೇ ಒಬ್ಬ ಮ್ಯಾನೇಜರ್ ಇರುತ್ತಾನೆ ಎಂದೆಲ್ಲ.

"ಎಲ್ಲಾ ಸರಿ ಕಣೇ. ಐವತ್ತನೇ ವಯಸ್ಸಲ್ಲೂ ನೀನು ಜನರ ಕೈಲಿ ಬಸ್ಕಿ ಹೊಡೆಸ್ತಾ ಇರ್ತೀಯಾ?" ಎಂದು ಇವರು ಕೇಳಿದ್ದರು.

"ನೀವು ಐವತ್ತಾದ್ಮೇಲೂ ಬೇರೆಯವರ ಜಿ.ಎಸ್.ಟಿ. ಕಟ್ತಾ ಇಲ್ವಾ ಅಪ್ಪ?"

ಇವರು ನಕ್ಕರು. ಆದರೆ ಮಾರನೆಯ ದಿನವೇ ಬಸವೇಶ್ವರನಗರದಲ್ಲಿ ಆಡಿಟರ್ ಆಗಿರುವ ತಮ್ಮ ಚಿಕ್ಕಪ್ಪನ ಮಗ ಮಧ್ವೇಶನಿಗೆ ಫೋನ್ ಮಾಡಿ, ಹುಡುಗಿಗೆ ಒಂದು ಕುರ್ಚಿ ಇಟ್ಟಿರು ಅಂದರು.

ಅದೇ ಹೊತ್ತಿಗೆ ಕೆಂಗೇರಿ ಆಚೆಯ ಒಂದು ದೊಡ್ಡ ಕ್ಲಬ್ಬಿನವರು ಟ್ರೈನಿಗಳನ್ನು ಕರೆದರು. ಒಂದು ವರ್ಷ ಅವರೇ ಕಲಿಸುತ್ತಾರೆ, ಸರ್ಟಿಫಿಕೇಟ್ ಕೊಡಿಸುತ್ತಾರೆ, ಆಮೇಲೆ ಅಲ್ಲಿಯೇ ಕೆಲಸ. ವರ್ಷಕ್ಕೆ ಒಂದೇ ಸಲ ಕರೆಯುವುದು. ವಯಸ್ಸಿನ ಮಿತಿ ಬೇರೆ ಇತ್ತು, ಮುಂದಿನ ವರ್ಷಕ್ಕೆ ತನ್ಮಯಿ ಅದನ್ನು ದಾಟುತ್ತಾಳೆ. ಅಪ್ಪ ಮಗಳು ಒಪ್ಪಂದ ಮಾಡಿಕೊಂಡರು. ಇದರಲ್ಲಿ ಆಯ್ಕೆಯಾದರೆ ಇವರು ಇನ್ನು ಮಾತೆತ್ತುವುದಿಲ್ಲ. ಆಗದಿದ್ದರೆ ಒಂದನೇ ತಾರೀಖಿನಿಂದ ಮಧ್ವೇಶನ ಆಫೀಸು, ಅವಳು ಮಾತೆತ್ತುವುದಿಲ್ಲ.

ಆಯ್ಕೆಗೆ ಶನಿವಾರ, ಭಾನುವಾರ ಎರಡು ದಿನ ಇಟ್ಟಿದ್ದರು. ಯಾವ ದಿನ ಬೇಕೋ ನಾವೇ ಆರಿಸಿಕೊಳ್ಳಬೇಕು. ತನ್ಮಯಿ ಜಿಮ್ಮಿನಿಂದ ನನಗೆ ಫೋನ್ ಮಾಡಿ, ಜಾಗ ಬೇಗ ತುಂಬುತ್ತಿದೆ, ಏಕಾದಶಿ ಯಾವತ್ತು ನೋಡಮ್ಮ ಅಂದಳು. ನಾನು ಲ್ಯಾಬಿನ ಗೋಡೆಯ ಮೇಲಿದ್ದ ಬಟ್ಟೆ ಅಂಗಡಿಯ ಕ್ಯಾಲೆಂಡರ್ ನೋಡಿದೆ. ಶನಿವಾರದ ಚೌಕದಲ್ಲಿ ಏಕಾದಶಿ ಎಂದಿತ್ತು. ಭಾನುವಾರ ತಗೋ, ಅವತ್ತು ದ್ವಾದಶಿ, ಬೆಳಗಿನ ಜಾವವೇ ಹೊಟ್ಟೆ ತುಂಬಾ ಪಾರಣೆ ಮಾಡಿಕೊಂಡು ಹೋಗಬಹುದು ಅಂದೆ. ಒಳ್ಳೆಯ ಶಕುನ ಎಂದೂ ಅನ್ನಿಸಿತು.

ಬುಧವಾರ ಸಂಜೆ ನಾನು ಸೀರೆಗೆ ಫಾಲ್ ಹಾಕುತ್ತಾ ಕೂತಿದ್ದಾಗ, ಅತ್ತೆ ಎಂದಿನಂತೆ ಮಠದ ಪಂಚಾಂಗ ನೋಡಿ ಹೇಳಿದರು.

"ಶನಿವಾರ ದಶಮಿ, ಭಾನುವಾರ ಏಕಾದಶಿ ಕಣಮ್ಮ. ತರಕಾರಿ ಜಾಸ್ತಿ ತರಬೇಡ."

ಸೂಜಿ ಬೆರಳಿಗೆ ಚುಚ್ಚಿತು. ಕ್ಯಾಲೆಂಡರಿನಲ್ಲಿ ಶನಿವಾರ ಇದೆಯಲ್ಲ ಅತ್ತೆ ಅಂದೆ. ಶನಿವಾರ ಬೆಳಗಿನ ಜಾವದಲ್ಲಿ ದಶಮಿ ಸ್ವಲ್ಪ ತಗುಲಿದೆ, ದಶಮಿ ತಗುಲಿದ ಏಕಾದಶಿ ನಮಗೆ ನಡೆಯುವುದಿಲ್ಲ, ಮಾರನೆಯ ದಿನ ಮಾಡಬೇಕು, ನಿನಗೆ ಗೊತ್ತಿಲ್ಲದ್ದೇನಲ್ಲವಲ್ಲ ಅಂದರು. ಗೊತ್ತಿತ್ತು. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿ, ಅಂಗಡಿಯ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿದ್ದೆ. ಅಂದರೆ ಶನಿವಾರ ಮಧ್ಯಾಹ್ನ ಒಂದೇ ಹೊತ್ತು ಊಟ, ರಾತ್ರಿ ಇಲ್ಲ, ಭಾನುವಾರ ಪೂರ್ತಿ ಇಲ್ಲ. ಆ ಹೊಟ್ಟೆಯಲ್ಲಿ ಅವಳು ಓಡಬೇಕು.

ಮರುದಿನ ಕೌಂಟರಿನಲ್ಲಿ ಸ್ವಲ್ಪ ಬಿಡುವಾದಾಗ ಕ್ಲಬ್ಬಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ಶನಿವಾರದ ಜಾಗ ಎಲ್ಲ ತುಂಬಿದೆ ಮೇಡಂ, ಒಬ್ಬರಿಗೆ ಬದಲಿಸಿದರೆ ಎಲ್ಲರೂ ಕೇಳುತ್ತಾರೆ ಅಂದ. ನಾನು ಏಕಾದಶಿಯ ವಿಷಯ ಎತ್ತದೆ ಫೋನ್ ಇಟ್ಟೆ. ಓಡುವ ಕೆಲಸಕ್ಕೆ ಬರುವವಳು ಉಪವಾಸ ಎಂದರೆ ಅವಳ ಹೆಸರಿನ ಮುಂದೆ ಏನು ಬರೆದುಕೊಳ್ಳುತ್ತಾರೋ ಎಂದು ಹೆದರಿಕೆಯಾಯಿತು.

ತನ್ಮಯಿಗೆ ಹೇಳಿದಾಗ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವರು ಮಾತ್ರ ಇದಕ್ಕೇನು ಮಹಾ ಅಂದರು. ಮೆಟ್ರೋ ಸ್ಟೇಷನ್ ಪಕ್ಕದ ದರ್ಶಿನಿಯಲ್ಲಿ ಎರಡು ಇಡ್ಲಿ ತಿಂದು ಹೋಗಲಿ, ನಮ್ಮಮ್ಮನಿಗೆ ಯಾರು ಹೇಳುತ್ತಾರೆ ಎಂದರು.

"ಅಜ್ಜಿ ಕೇಳ್ತಾರಪ್ಪ. ವಾಪಸ್ ಬಂದ ತಕ್ಷಣ ಸುಸ್ತಾಯ್ತೇನೇ ಅಂತ ಕೇಳ್ತಾರೆ. ಆಗ ಮುಖ ಒಣಗಿಸ್ಕೊಂಡು ನಾಟಕ ಆಡ್ಲಾ?" ಎಂದಳು ತನ್ಮಯಿ. ಅಭ್ಯಾಸ ಇದೆ, ಈ ಸಲ ನಿಧಾನವಾಗಿ ಓಡುತ್ತೇನೆ, ಬೀಳುವುದಿಲ್ಲ ಎಂದಳು. ಅವಳ ಕೈ ತಾನಾಗಿಯೇ ಗದ್ದ ಮುಟ್ಟಿಕೊಂಡಿತು.

ಶನಿವಾರ ಸಂಜೆ ಸ್ಪಂದನ ಬಂದಳು. ನಮ್ಮ ಹಿಂದಿನ ಬೀದಿಯ ವಿಮಲಮ್ಮನ ಮಗಳು, ಬೈರಪ್ಪನವರ ಜಿಮ್ಮಿನಲ್ಲೇ ತನ್ಮಯಿಗೆ ಜೊತೆಯವಳು. ಅವಳೂ ಆಯ್ಕೆಗೆ ಹೆಸರು ಕೊಟ್ಟಿದ್ದಳು, ಅವಳ ಸರದಿ ಅವತ್ತೇ ಮುಗಿದಿತ್ತು. ಬಾಗಿಲಲ್ಲೇ ಬೂಟು ಬಿಚ್ಚುತ್ತಾ ವರದಿ ಒಪ್ಪಿಸಿದಳು. ಮೊದಲು ಬೀಪ್ ಟೆಸ್ಟ್. ಎರಡು ಗೆರೆಗಳ ಮಧ್ಯೆ ಓಡುತ್ತಿರಬೇಕು, ಸ್ಪೀಕರಿನಿಂದ ಬೀಪ್ ಬರುವಷ್ಟರಲ್ಲಿ ಗೆರೆ ಮುಟ್ಟಿರಬೇಕು, ಬೀಪು ಬರಬರುತ್ತಾ ಬೇಗ ಆಗುತ್ತದೆ, ಎರಡು ಸಲ ತಪ್ಪಿದರೆ ಹೊರಗೆ. ಆಮೇಲೆ ಅಲ್ಲಿಯ ಹಿರಿಯ ಸದಸ್ಯರಿಗೆ ಒಂದು ಸಣ್ಣ ಕ್ಲಾಸು ತೆಗೆದುಕೊಳ್ಳಬೇಕು. ತನಗೆ ಸಿಕ್ಕಿದ ತಾತ ಒಬ್ಬರು ವ್ಯಾಯಾಮ ಬಿಟ್ಟು ತನ್ನ ಜಾತಕ ಕೇಳಿದರು ಎಂದು ನಗಿಸಿದಳು. ನಂತರ ನೆನಪಿಸಿಕೊಂಡು ಹೇಳಿದಳು.

"ಹಾಂ, ಓಡೋಕೆ ಬಿಡೋ ಮುಂಚೆ ನರ್ಸ್ ಒಬ್ರು ಬಿಪಿ ನೋಡಿ, ಯಾವಾಗ ತಿಂದೆ, ಏನು ತಿಂದೆ ಅಂತ ಕೇಳ್ತಾರೆ ಕಣೇ. ಒಬ್ಳು ಬರೀ ಕಾಫಿ ಅಂದ್ಳು. ಪಕ್ಕಕ್ಕೆ ಕೂರ್ಸಿಬಿಟ್ರು. ಓಡೋಕೇ ಬಿಡ್ಲಿಲ್ಲ."

ತನ್ಮಯಿ ನನ್ನ ಮುಖ ನೋಡಿದಳು. ಸ್ಪಂದನ ಏಕೆಂದು ತಿಳಿಯದೆ, ಅಮ್ಮ ಕಾಯುತ್ತಿರುತ್ತಾರೆ ಆಂಟಿ ಎಂದು ಹೊರಟುಹೋದಳು.

ಇಡ್ಲಿ ತಿಂದೆ ಅಂತ ಹೇಳುತ್ತೇನೆ, ಅವರೇನು ಹೊಟ್ಟೆ ಬಗೆದು ನೋಡುತ್ತಾರಾ ಎಂದಳು ತನ್ಮಯಿ. ನನಗೆ ನನ್ನ ಕೌಂಟರ್ ನೆನಪಾಯಿತು. ಕಾಫಿ ಕುಡಿದು ಬಂದು ಕುಡಿದಿಲ್ಲ ಎನ್ನುವವರು ದಿನಕ್ಕೆ ನಾಲ್ಕು ಜನ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತದೆ. ಆ ನರ್ಸಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಇವಳನ್ನು ಓಡಲು ಬಿಟ್ಟರೆ ಅದು ಇನ್ನೂ ಭಯ. ದಿನಾ ಹೆಂಗಸರನ್ನು ನಿಲ್ಲಿಸಿ ತಿಂದಿದ್ದೀರಾ ಎಂದು ಕೇಳುವವಳು ತಾನೇ ಸುಳ್ಳು ಹೇಳಿ, ಖಾಲಿ ಹೊಟ್ಟೆಯಲ್ಲಿ ಬೀಪಿನ ಹಿಂದೆ ಓಡಿ, ಮತ್ತೆ ಆ ಕಾಲುಗಳು ಹಾಗೆ ಜೋತಾಡಿದರೆ?

ನಾನು ಏನಾದರೂ ಹೇಳುವ ಮೊದಲೇ ಅವಳು ಎದ್ದು ಅಜ್ಜಿಯ ಕೋಣೆಗೆ ಹೋದಳು. ನಾನು ಬಾಗಿಲ ಹತ್ತಿರ ನಿಂತೆ. ಅತ್ತೆ ಮಂಚದ ಮೇಲೆ ಕಾಲು ಚಾಚಿಕೊಂಡು ಮಂಡಿಗೆ ಎಣ್ಣೆ ಸವರುತ್ತಿದ್ದರು. ತನ್ಮಯಿ ಎಲ್ಲವನ್ನೂ ಹೇಳಿದಳು. ಕ್ಲಬ್ಬು, ನರ್ಸು, ಬೀಪು, ಮಧ್ವೇಶನ ಆಫೀಸಿನ ಕುರ್ಚಿ, ಒಂದನ್ನೂ ಬಿಡಲಿಲ್ಲ. ನಾಳೆ ತಿಂದು ಹೋಗಲಾ ಅಜ್ಜಿ ಎಂದು ಕೇಳಿದಳು.

ಅತ್ತೆ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು.

"ನಿನಗೆ ಬೇಡ ಅನ್ನೋಕೆ ನಾನ್ಯಾರು ಮಗಳೇ. ನಿನ್ನ ಹೊಟ್ಟೆ, ನಿನ್ನ ಓಟ. ನೀನು ನನಗೆ ಯಾವ ಮಾತೂ ಕೊಟ್ಟಿಲ್ಲ. ಕೊಟ್ಟಿರೋಳು ನಿಮ್ಮಮ್ಮ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮತ್ತೆ ಬಟ್ಟಲಿಗೆ ಬೆರಳು ಅದ್ದಿದರು.

ತನ್ಮಯಿ ಹೊರಗೆ ಬಂದು ನನ್ನ ಭುಜ ಹಿಡಿದುಕೊಂಡಳು. "ನೀನು ಏನೂ ಮಾಡ್ಬೇಡಮ್ಮ. ನಾನು ತಿನ್ನಲ್ಲ. ನನ್ನಿಂದ ನಿಮ್ಮಿಬ್ರ ಮಧ್ಯ ಮನಸ್ತಾಪ ಬೇಡ." ಅಷ್ಟು ಹೇಳಿ ಬೂಟಿಗೆ ಹೊಸ ಲೇಸು ಪೋಣಿಸಲು ಕೂತಳು. ಇವರು ಟಿವಿಯ ಶಬ್ದ ತಗ್ಗಿಸಿದರು.

ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿದೆ. ದೇವರಿಗೆ ದೀಪ ಹಚ್ಚಿದೆ. ಕೈಮುಗಿದು ನಿಂತಾಗ ಏನು ಕೇಳಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅತ್ತೆ ಆಗಲೇ ಎದ್ದು ತಮ್ಮ ಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ಬಾಗಿಲು ತೆರೆದೇ ಇತ್ತು, ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ. ಹೊರಗೆ ತಿನ್ನು ಎಂದರೆ ಅವಳು ತಿನ್ನುವುದಿಲ್ಲ, ನಾನೇ ಬಡಿಸಿದರೆ ಮಾತ್ರ ತಿಂದಾಳು ಎಂದುಕೊಂಡು ಒಲೆ ಹಚ್ಚಿದೆ. ಗ್ಯಾಸ್ ಲೈಟರಿನ ಸದ್ದು ಈ ಮನೆಯಲ್ಲಿ ಹಿಂದೆಂದೂ ಅಷ್ಟು ಜೋರಾಗಿ ಕೇಳಿಸಿರಲಿಲ್ಲ. ರವೆ ಹುರಿದೆ. ಹುರಿದ ವಾಸನೆ ಹಜಾರ ದಾಟಿ ಹೋಗುತ್ತಿದೆ ಎಂದು ಗೊತ್ತಿದ್ದೂ ಕಿಟಕಿ ತೆರೆಯಲಿಲ್ಲ. ಕದ್ದು ಮಾಡುತ್ತಿದ್ದೇನೆ ಎಂದು ಯಾರಿಗೂ ಅನ್ನಿಸಬಾರದಿತ್ತು, ಮುಖ್ಯವಾಗಿ ನನಗೆ. ಒಗ್ಗರಣೆಗೆ ಸಾಸಿವೆ ಹೆಚ್ಚಾಗಿ ಬಿತ್ತು.

ತನ್ಮಯಿ ತಲೆ ಬಾಚಿಕೊಳ್ಳುತ್ತಾ ಬಂದು ಅಡುಗೆಮನೆಯ ಹೊಸಿಲಲ್ಲೇ ನಿಂತುಬಿಟ್ಟಳು. ನಾನು ತಟ್ಟೆಗೆ ಉಪ್ಪಿಟ್ಟು ಹಾಕಿದೆ, ಪಕ್ಕದಲ್ಲಿ ಬಾಳೆಹಣ್ಣು ಇಟ್ಟೆ, ಹಜಾರದ ನೆಲದ ಮೇಲೆ ಅವಳು ಯಾವಾಗಲೂ ಕೂರುವ ಜಾಗದಲ್ಲಿ ಇಟ್ಟೆ. ಅವಳು ಅಜ್ಜಿಯ ಕೋಣೆಯ ಕಡೆ ನೋಡಿದಳು. ಜಪಮಣಿಗಳು ಸರಿಯುವ ಸದ್ದು ನಿಂತಿತ್ತು.

"ತಿನ್ನು," ಅಂದೆ, ಒಳಗೆ ಕೇಳುವಷ್ಟು ಗಟ್ಟಿಯಾಗಿ. "ನಾನೇ ಮಾಡಿದ್ದು, ನಾನೇ ಬಡಿಸಿದ್ದು."

ಅವಳು ಕೂತು ತಿಂದಳು. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಇತ್ತು. ಜಪಮಣಿಗಳು ಮತ್ತೆ ಸರಿಯತೊಡಗಿದವು. ಹೊರಡುವಾಗ ಅವಳು ಅಜ್ಜಿಗೆ ನಮಸ್ಕಾರ ಮಾಡಲು ಹೋದಳು. ಅತ್ತೆ ಅವಳ ತಲೆ ಮುಟ್ಟಿ, ಹುಷಾರು ಅಂದರು. ನಾನು ಹೋಗಿಬರುತ್ತೇನೆ ಎಂದಾಗ ಮತ್ತೆ ಜಪಮಣಿ ಕೈಗೆತ್ತಿಕೊಂಡರು.

ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಮೊದಲ ರೈಲಿಗೇ ಹತ್ತಿದೆವು. ಕೆಂಗೇರಿಯಿಂದ ಆಟೋ. ಕ್ಲಬ್ಬಿನವರು ತಂದೆ ತಾಯಿಯರನ್ನು ಒಳಗೆ ಬಿಡಲಿಲ್ಲ. ಆದರೆ ಮೈದಾನದ ಪಕ್ಕದ ಕಂಬಿಬೇಲಿಯಿಂದ ಎಲ್ಲ ಕಾಣುತ್ತಿತ್ತು. ಒಂದು ಮೇಜಿನ ಹಿಂದೆ ನರ್ಸ್ ಕೂತಿದ್ದರು. ತನ್ಮಯಿಯ ಸರದಿ ಬಂದಾಗ ಅವರು ತೋಳಿಗೆ ಪಟ್ಟಿ ಸುತ್ತಿ ಏನೋ ಕೇಳಿದರು. ತನ್ಮಯಿ ಉತ್ತರ ಹೇಳಿದಳು. ಅವರು ತಲೆಯಾಡಿಸಿ ಮುಂದಿನವಳನ್ನು ಕರೆದರು. ಅಷ್ಟಕ್ಕೆ ಮುಗಿಯಿತು. ನಾನು ಬೇಲಿ ಹಿಡಿದುಕೊಂಡೆ, ಹಿಂದಿನ ಮಧ್ಯಾಹ್ನದಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳಿಗೆ ಬಡಿಸಿದ್ದರೂ ನಾನು ತಿಂದಿರಲಿಲ್ಲ.

ಓಟ ಶುರುವಾಯಿತು. ಮೊದಮೊದಲು ಅದು ಓಟವೇ ಅಲ್ಲ, ನಡಿಗೆಯ ಹಾಗಿತ್ತು. ಗೆರೆ ಮುಟ್ಟಿ, ತಿರುಗಿ, ಮತ್ತೆ ಗೆರೆ. ಬೀಪಿನ ನಡುವಿನ ಹೊತ್ತು ಕಡಿಮೆಯಾಗುತ್ತಾ ಹೋದಂತೆ ಒಬ್ಬೊಬ್ಬರೇ ಸೊಂಟಕ್ಕೆ ಕೈಕೊಟ್ಟು ಪಕ್ಕಕ್ಕೆ ಸರಿದರು. ನನ್ನ ಪಕ್ಕ ನಿಂತಿದ್ದ ಹೆಂಗಸೊಬ್ಬರು ತಮ್ಮ ಮಗನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ತನ್ಮಯಿಯ ಮುಖ ನೋಡುತ್ತಿರಲಿಲ್ಲ, ಕಾಲುಗಳನ್ನೇ ನೋಡುತ್ತಿದ್ದೆ. ಒಮ್ಮೆ ಅವಳು ಗೆರೆ ಮುಟ್ಟುವ ಮೊದಲೇ ಬೀಪ್ ಬಂತು. ಒಂದು ತಪ್ಪು. ಇನ್ನೊಂದಾದರೆ ಮುಗಿಯಿತು. ಅವಳು ತಿರುಗುವಾಗ ಜಾರಿದಳು, ಕೈ ನೆಲಕ್ಕೆ ಊರಿದಳು. ಎದ್ದಳು. ಮುಂದಿನ ಗೆರೆಯನ್ನು ಬೀಪಿಗಿಂತ ಒಂದು ಹೆಜ್ಜೆ ಮೊದಲು ಮುಟ್ಟಿದಳು. ಅದರ ಮುಂದಿನದನ್ನೂ ಮುಟ್ಟಿದಳು. ಆಮೇಲೆ ಕ್ಲಬ್ಬಿನವರೇ ಕೈಯೆತ್ತಿ ಸಾಕು ಎಂದರು, ಬೇಕಾದ ಹಂತ ದಾಟಿಯಾಗಿತ್ತು. ಅವಳು ಬೀಳಲಿಲ್ಲ. ಹುಲ್ಲಿನ ಮೇಲೆ ನಡೆದಾಡುತ್ತಾ ಉಸಿರು ತಹಬಂದಿಗೆ ತಂದುಕೊಂಡಳು, ಹಾಗೆ ಮಾಡಿ ಎಂದು ಅವಳೇ ತನ್ನ ಬ್ಯಾಚಿನ ಹೆಂಗಸರಿಗೆ ಹೇಳಿಕೊಡುವ ಹಾಗೆ.

ಕ್ಲಾಸು ತೆಗೆದುಕೊಂಡಿದ್ದು ಒಳಗೆ, ನನಗೆ ಕಾಣಲಿಲ್ಲ. ಮಧ್ಯಾಹ್ನ ಗೇಟಿನ ಹತ್ತಿರ ಹೆಸರು ಓದಿದರು. ಅವಳ ಹೆಸರಿತ್ತು, ಹಿಂದಿನ ದಿನದವರಲ್ಲಿ ಸ್ಪಂದನಳದೂ ಇತ್ತು. ಒಂದನೇ ತಾರೀಖು ಬಂದು ಸೇರಿ ಅಂದರು. ಇವರಿಗೆ ಫೋನ್ ಮಾಡಿದಾಗ, ಮಧ್ವೇಶನಿಗೆ ಕುರ್ಚಿ ಬೇಡ ಅಂತ ಹೇಳುತ್ತೇನೆ ಅಂದರು.

ಮನೆಗೆ ಬಂದಾಗ ಅತ್ತೆ ಹಜಾರದಲ್ಲಿ ಕೂತಿದ್ದರು. ಆಯ್ತೇನೇ ಎಂದು ಮೊಮ್ಮಗಳನ್ನು ಕೇಳಿದರು. ಆಯ್ತು ಅಜ್ಜಿ, ತಗೊಂಡ್ರು ಎಂದಳು. ಒಳ್ಳೇದಾಯ್ತು ಬಿಡು ಎಂದು ಅವಳ ಕೆನ್ನೆ ಸವರಿ, ಯಾವ ಬಸ್ಸಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಬಿಡುತ್ತಾರೆ, ಸೀರೆ ಉಡಬೇಕಾ ಎಂದೆಲ್ಲ ಕೇಳಿ ಅವಳನ್ನು ನಗಿಸಿದರು. ನಾನು ಒಳಗೆ ಹೋಗಿ ಬೆಳಗಿನ ಬಾಣಲೆ ತೊಳೆದೆ.

ಸೋಮವಾರ ದ್ವಾದಶಿ. ಬೆಳಗಿನ ಜಾವವೇ ಅಡುಗೆ ಮಾಡಿ, ನೈವೇದ್ಯ ಮುಗಿಸಿ ಎಲೆ ಹಾಕಿದೆ. ಇವರೂ ತನ್ಮಯಿಯೂ ಕೂತರು. ಅತ್ತೆಯ ಎಲೆಗೆ ಅನ್ನ ಬಡಿಸಲು ಬಗ್ಗಿದಾಗ ಅವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ನೀನು ಬಿಡಮ್ಮ, ನಾನೇ ಬಡಿಸ್ಕೋತೀನಿ."

ಪಾತ್ರೆಯನ್ನು ಅವರ ಪಕ್ಕದಲ್ಲಿಟ್ಟೆ. ಅವರು ಗೋಡೆ ಹಿಡಿದು ಎದ್ದು, ನೋಯುವ ಮಂಡಿಯಲ್ಲಿ ಬಗ್ಗಿ, ಮೊದಲು ತನ್ಮಯಿಗೆ, ಆಮೇಲೆ ಮಗನಿಗೆ, ಆಮೇಲೆ ತಮಗೆ ಬಡಿಸಿಕೊಂಡರು. ನನಗೂ ಒಂದು ಎಲೆ ಹಾಕಿ ಬಡಿಸಿದರು. ತುಪ್ಪವನ್ನೂ ಹಾಕಿದರು. ನಾನು ಲ್ಯಾಬಿಗೆ ಹೊರಡುವ ಹೊತ್ತಾಗಿತ್ತು, ಬೇಗ ಬೇಗ ಉಂಡೆ.

ಅತ್ತೆಗೆ ಕೊಟ್ಟಿದ್ದ ಮಾತನ್ನು ನಾನು ಮುರಿದೆ.